ಸಿಜಿಪಿಎ 6.1 ಇದೆ, 6.5 ಬೇಕು, ಎರಡೇ ಸೆಮಿಸ್ಟರ್ ಉಳಿದಿವೆ

ಅಘನಾಶಿನಿ ದಡದವ:

ನಾನು ಕುಮಟಾದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ). ಐದನೇ ಸೆಮಿಸ್ಟರ್ ಈಗಷ್ಟೇ ಶುರುವಾಗಿದೆ. ಮನೆ ಮಿರ್ಜಾನ್ ಕಡೆ, ಹೊಳೆ ದಂಡೆಗೆ.

ನಾಲ್ಕೂ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ನಾನೇ ಲೆಕ್ಕ ಹಾಕಿದರೆ ಸಿಜಿಪಿಎ 6.1 ಬರುತ್ತಿದೆ. ಪ್ರತಿ ಸೆಮಿಸ್ಟರ್‌ಗೆ 24 ಕ್ರೆಡಿಟ್. ಮೂರನೇ ಸೆಮಿಸ್ಟರ್‌ನ ಗಣಿತದ ಒಂದು ಪೇಪರ್ ಬಾಕಿ ಇದೆ, ಅದು ನಾಲ್ಕು ಕ್ರೆಡಿಟ್‌ನದ್ದು. ಥಿಯರಿ ಪೇಪರ್‌ಗಳಲ್ಲಿ ಪರೀಕ್ಷೆಗೆ 80, ಇಂಟರ್ನಲ್‌ಗೆ 20. ನನ್ನ ಇಂಟರ್ನಲ್ ಮಾತ್ರ ಯಾವಾಗಲೂ 11, 12ರ ಹತ್ತಿರವೇ ನಿಲ್ಲುತ್ತದೆ.

ಡಿಗ್ರಿ ಮುಗಿಸಿ ಗೋವಾದಲ್ಲಿ ಔಷಧ ಕಂಪನಿಯ ಲ್ಯಾಬ್ ಸೇರಬೇಕು ಅಂತ ಆಸೆ. ನಮ್ಮೂರಿನವರು ಕೆಲವರು ಅಲ್ಲಿದ್ದಾರೆ. ಅವರ ಕಂಪನಿಯಲ್ಲಿ ಹೊಸಬರ ಅರ್ಜಿ ನೋಡುವಾಗ 6.5ಕ್ಕಿಂತ ಕೆಳಗಿದ್ದರೆ ಮೊದಲೇ ಬದಿಗಿಡುತ್ತಾರಂತೆ.

ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಮ್ಮ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಮಾರುತ್ತಾಳೆ. ಬೆಳಿಗ್ಗೆ ಹೊಳೆ ನೀರಿನ ಇಳಿತ ಇದ್ದ ದಿನ ದೋಣಿಗೆ ನಾನೂ ಬೇಕು. ಆ ದಿನ ಮೊದಲ ಕ್ಲಾಸ್ ಸಿಗುವುದಿಲ್ಲ. ಕೆಲವು ಸಲ ಟೆಸ್ಟೂ ಹಾಗೇ ತಪ್ಪಿದೆ.

6.5 ಆಗುತ್ತದಾ? ಅಥವಾ ಏನೇ ಆಗಲಿ ಅಂತ 7ಕ್ಕೇ ಗುರಿ ಇಡಲಾ? ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗುತ್ತಿಲ್ಲ.


ಮುರುಡೇಶ್ವರ ಲೋಕಲ್:

ಮೊಬೈಲ್ ಬದಿಗಿಡು, ಇನ್‌ಸ್ಟಾಗ್ರಾಂ ತೆಗೆದುಹಾಕು, ದಿನಕ್ಕೆ ಆರು ತಾಸು ಓದು. 7 ಏನು, 9 ಕೂಡ ಬರುತ್ತದೆ. ಮನಸ್ಸಿದ್ದರೆ ಮಾರ್ಗ!


ಮೆಟ್ಟುಗತ್ತಿ:

ಮೇಲಿನವರ ಉತ್ಸಾಹಕ್ಕೆ ನಮಸ್ಕಾರ. ಆದರೆ 9 ಬರುವುದಿಲ್ಲ. ಲೆಕ್ಕವೇ ಬಿಡುವುದಿಲ್ಲ.

ತಮ್ಮಾ, ನಾನು ಶಿರಸಿ ಕಡೆಯವಳು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಈಗ ಕಾರವಾರ ಕಡೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ರಸಾಯನಶಾಸ್ತ್ರ. ಪುಸ್ತಕ ತೆಗೆಯುವ ಮೊದಲು ಒಂದು ಹಾಳೆ, ಪೆನ್ನು ತಗೊಂಡು ಕೂರು.

ಸಿಜಿಪಿಎ ಅಂದರೆ ಪ್ರತಿ ಪೇಪರ್‌ನ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುವುದು. ಅಷ್ಟೇ. ನಿನ್ನದು ನಾಲ್ಕು ಸೆಮಿಸ್ಟರ್, 96 ಕ್ರೆಡಿಟ್, 6.1. ಗುಣಿಸಿದರೆ 585.6 ಪಾಯಿಂಟ್ ಗಂಟಿನಲ್ಲಿದೆ. ಇನ್ನು 48 ಕ್ರೆಡಿಟ್ ಬಾಕಿ. ಡಿಗ್ರಿ ಮುಗಿಯುವಾಗ ಒಟ್ಟು 144.

7 ಬೇಕು ಅಂದರೆ 144ಕ್ಕೆ 1008 ಪಾಯಿಂಟ್ ಬೇಕು. ಇರುವುದನ್ನು ಕಳೆದರೆ 422.4. ಅದನ್ನು 48 ಕ್ರೆಡಿಟ್‌ನಲ್ಲಿ ಸಂಪಾದಿಸಬೇಕು, ಅಂದರೆ ಎರಡೂ ಸೆಮಿಸ್ಟರ್‌ನಲ್ಲಿ 8.8. ಇಷ್ಟು ದಿನ 6ರ ಹತ್ತಿರ ಇದ್ದವನಿಗೆ ಒಮ್ಮೆಲೇ 8.8 ಅನ್ನುವುದು ಆಸೆ, ಗುರಿ ಅಲ್ಲ. 6.5ಕ್ಕೆ 936 ಪಾಯಿಂಟ್ ಸಾಕು. ಉಳಿದದ್ದು 350.4, ಸರಾಸರಿ 7.3. ಇದೂ ಸ್ವಲ್ಪ ಎತ್ತರವೇ. ಎದೆ ಒಡೆದುಕೊಳ್ಳಬೇಡ, ಇನ್ನೂ ಗಣಿತದ ಪೇಪರನ್ನು ಮುಟ್ಟಿಲ್ಲ.

ಬಾಕಿ ಇರುವ ಪೇಪರ್‌ಗೆ ಗ್ರೇಡ್ ಪಾಯಿಂಟ್ ಸೊನ್ನೆ. ಆದರೆ ಅದರ ನಾಲ್ಕು ಕ್ರೆಡಿಟ್ ಕೆಳಗಿನ ಭಾಜಕದಲ್ಲಿ ಕೂತೇ ಇರುತ್ತದೆ. ನೀನು ಲೆಕ್ಕ ಹಾಕುವಾಗ ಹಾಗೇ ಸೊನ್ನೆ ಹಿಡಿದಿದ್ದೀಯಾ ಅಂತ ಒಮ್ಮೆ ನೋಡು. ಹಿಡಿದಿದ್ದರೆ, ಆ ಪೇಪರ್‌ನಲ್ಲಿ ಬರೀ 6 ತೆಗೆದರೂ 24 ಪಾಯಿಂಟ್ ಒಮ್ಮೆಲೇ ಸೇರುತ್ತದೆ. 609.6 ಆಯಿತು. ಈ ನಾಲ್ಕು ಸೆಮಿಸ್ಟರ್‌ನ ಸಿಜಿಪಿಎಯೇ 6.35 ಆಗಿಹೋಯಿತು! ಆಮೇಲೆ 6.5 ಮುಟ್ಟಲು ಬೇಕಾದದ್ದು 326.4, ಅಂದರೆ 6.8. ಒಂದೇ ಪೇಪರ್ ನಿನ್ನ ಬೆಟ್ಟವನ್ನು 7.3ರಿಂದ 6.8ಕ್ಕೆ ಇಳಿಸಿತು. ಹೊಸ ಪೇಪರ್‌ಗಳಲ್ಲಿ ಇಷ್ಟು ದುಡಿಯಬೇಕಾದರೆ ಎಷ್ಟು ಬೆವರು ಸುರಿಸಬೇಕು ಯೋಚಿಸು.

ಹಾಗಾಗಿ ಗಣಿತದ ಪೇಪರ್ ಮೊದಲು. ಮೂರನೇ ಸೆಮಿಸ್ಟರ್‌ನದ್ದಾದ್ದರಿಂದ ಐದರ ಜೊತೆಗೇ ಬರೆಯಲು ಸಿಗುತ್ತದೆಯಾ ಅಂತ ಆಫೀಸಿನಲ್ಲಿ ಈಗಲೇ ಕೇಳು. ಪರೀಕ್ಷಾ ಅರ್ಜಿಯನ್ನು ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ತುಂಬುವಾಗ ಹಳೆ ಪೇಪರ್ ಸೇರಿಸುವುದನ್ನು ಮರೆಯುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ. ಆಮೇಲೆ ದಂಡದ ಜೊತೆ ಓಡಾಟ.

ಇನ್ನೊಂದು ಲೆಕ್ಕ. ಬಾಕಿ ಪೇಪರ್ ಬಿಟ್ಟರೆ ನೀನು ಪಾಸಾದದ್ದು 92 ಕ್ರೆಡಿಟ್. 585.6ನ್ನು 92ರಿಂದ ಭಾಗಿಸಿದರೆ ಸುಮಾರು 6.4. ಅಂದರೆ ನಿನ್ನ ನಿಜವಾದ ಮಟ್ಟ 6.4. ಬೇಕಾದದ್ದು 6.8. ನಿಮ್ಮಲ್ಲಿ ಗ್ರೇಡ್ ಪಾಯಿಂಟ್ ಅಂದರೆ ಅಂಕವನ್ನು ಹತ್ತರಿಂದ ಭಾಗಿಸಿದ್ದೇ ಆಗಿದ್ದರೆ, ಈ ಅಂತರ ಪೇಪರ್ ಒಂದಕ್ಕೆ ನೂರರಲ್ಲಿ ನಾಲ್ಕೈದು ಅಂಕ ಮಾತ್ರ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಮೆಟ್ಟಿಲು ಇರುತ್ತದೆ. ಅಲ್ಲಿ ಒಂದು ಗ್ರೇಡ್‌ನ ಒಳಗೆ ಎಷ್ಟೇ ಅಂಕ ಬಂದರೂ ಪಾಯಿಂಟ್ ಒಂದೇ, ಗಡಿ ದಾಟಿದರೆ ಮಾತ್ರ ಮೇಲೆ. ಹಾಗಿದ್ದರೆ ಗಡಿಯ ಹತ್ತಿರ ಇರುವ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಬೇಕು. ಮಾರ್ಕ್ಸ್ ಕಾರ್ಡ್‌ನಲ್ಲಿ ಪಾಯಿಂಟ್ ಪೂರ್ಣ ಸಂಖ್ಯೆಯಾ, ದಶಮಾಂಶ ಇದೆಯಾ ನೋಡಿದರೆ ಗೊತ್ತಾಗುತ್ತದೆ.

ಈಗ ಆ ನಾಲ್ಕೈದು ಅಂಕ ಎಲ್ಲಿದೆ? ನಿನ್ನ ಪ್ರಶ್ನೆಯಲ್ಲೇ ಇದೆ. ಇಂಟರ್ನಲ್ 20ಕ್ಕೆ 11, 12 ಅಂದೆ. ಅದು 16 ಆದರೆ ಲೆಕ್ಕ ಮುಗಿಯಿತು. ದಿನಕ್ಕೆ ಆರು ತಾಸು ಬೇಡ. ಇಂಟರ್ನಲ್‌ನಲ್ಲಿ ಇರುವುದು ಸಾಮಾನ್ಯವಾಗಿ ಟೆಸ್ಟ್, ಅಸೈನ್‌ಮೆಂಟ್ ಅಥವಾ ಸೆಮಿನಾರ್. ಟೆಸ್ಟ್‌ನ ಪಾಠ ಚಿಕ್ಕದು, ಒಂದೋ ಎರಡೋ ಯುನಿಟ್. 80ರ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚಿಸುವುದಕ್ಕಿಂತ ಇಲ್ಲಿ ಹೆಚ್ಚಿಸುವುದು ಎಷ್ಟೋ ಸುಲಭ. ಟೆಸ್ಟ್ ತಪ್ಪಿದರೆ ಅದೇ ವಾರ ಮೇಷ್ಟ್ರ ಹತ್ತಿರ ಹೋಗಿ ಕಾರಣ ಹೇಳು, ಇನ್ನೊಮ್ಮೆ ಕೊಡುತ್ತೀರಾ ಕೇಳು. ಬಳಚಿನ ಕೆಲಸ ಅಂತ ಹೇಳಲು ನಾಚಿಕೆ ಬೇಡ. ನಮಗೆಲ್ಲ ಗೊತ್ತಿರುವ ಬದುಕೇ. ಅಂಕ ಪೋರ್ಟಲ್‌ಗೆ ಹೋದ ಮೇಲೆ ಬಂದು ಅತ್ತರೆ ಮಾತ್ರ ನಮ್ಮ ಕೈಯಲ್ಲೂ ಏನೂ ಇರುವುದಿಲ್ಲ.

ಮಳೆಗಾಲದ್ದೊಂದು ಮಾತು. ಡಿಸಿಯವರು ರಜೆ ಕೊಟ್ಟರು ಅಂತ ವಾಟ್ಸಾಪ್‌ನಲ್ಲಿ ಬಂದ ಕೂಡಲೇ ಹೊದ್ದು ಮಲಗಬೇಡ, ಆದೇಶವನ್ನು ಕೊನೆವರೆಗೂ ಓದು. ಎಷ್ಟೋ ಸಲ ಅದು ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಮಾತ್ರ. ಡಿಗ್ರಿ ಕಾಲೇಜು ನಡೆದಿರುತ್ತದೆ, ಹಾಜರಿಯೂ ಹಾಕಿರುತ್ತಾರೆ. 75 ಪರ್ಸೆಂಟ್ ಹಾಜರಿಗೆ ಕೊನೆಗೆ ಎರಡು ಕ್ಲಾಸ್ ಕಡಿಮೆ ಬಿದ್ದವರ ಕಥೆ ಬಹಳ ಇದೆ.

ಪರೀಕ್ಷೆಯ ಉತ್ತರ ಪತ್ರಿಕೆಯ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ನನಗೆ ಸಿಟ್ಟು ಬರುವ ವಿಷಯ ಇದು. ಗೊತ್ತಿರುವ ಹುಡುಗರೇ ಅಂಕ ಬಿಟ್ಟುಕೊಡುತ್ತಾರೆ. ಮೌಲ್ಯಮಾಪನಕ್ಕೆ ಕೂತವರ ಮುಂದೆ ಕಟ್ಟುಗಟ್ಟಲೆ ಪತ್ರಿಕೆ ಇರುತ್ತದೆ, ಕಣ್ಣು ಹುಡುಕುವುದು ಅಂಕ ಕೊಡುವ ಜಾಗವನ್ನು. ಫ್ರೀಡೆಲ್ ಕ್ರಾಫ್ಟ್ಸ್ ಕ್ರಿಯೆ ಬರೆದು ಬಾಣದ ಮೇಲೆ ಅನ್‌ಹೈಡ್ರಸ್ ಅಲ್ಯೂಮಿನಿಯಂ ಕ್ಲೋರೈಡ್ ಬರೆಯದಿದ್ದರೆ ಪೂರ್ತಿ ಅಂಕ ಹೇಗೆ ಕೊಡಲಿ? ಮೆಕ್ಯಾನಿಸಂನಲ್ಲಿ ಬಾಗಿದ ಬಾಣ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು. ಎಷ್ಟೋ ಜನ ಉಲ್ಟಾ ಹಾಕುತ್ತಾರೆ. ಮೊದಲ ಕ್ರಮಾಂಕದ ಕ್ರಿಯೆಯ ವೇಗ ಸ್ಥಿರಾಂಕ ಕಂಡುಹಿಡಿದು ಅದರ ಮಾನ ಬರೆಯುವುದಿಲ್ಲ. ಪ್ರತಿ ಸೆಕೆಂಡಿಗೆ ಅಂತ ಬರೆಯಲು ಎಷ್ಟು ಹೊತ್ತು ಬೇಕು? ಭೌತಶಾಸ್ತ್ರದಲ್ಲಿ ಚಿತ್ರ ಬರೆದು ಹೆಸರು ಹಾಕದೆ ಬಿಡುವುದು, ಗಣಿತದಲ್ಲಿ ಪ್ರಮೇಯ ಏನು ಅಂತ ಹೇಳದೆ ನೇರವಾಗಿ ಸಾಧನೆಗೆ ಧುಮುಕುವುದು, ಎಲ್ಲ ಇದೇ ಜಾತಿ. ಪ್ರಶ್ನೆ ಸಂಖ್ಯೆ ತಪ್ಪಾಗಿ ಹಾಕುವವರ ಬಗ್ಗೆ ಮಾತಾಡುವುದೇ ಬೇಡ.

ಗಣಿತದಲ್ಲಿ ಲೆಕ್ಕ ಪೂರ್ತಿ ಬಾರದಿದ್ದರೂ ಬಂದಷ್ಟು ಹೆಜ್ಜೆ ಬರೆ. ಹೆಜ್ಜೆಗೆ ಅಂಕ ಇದೆ, ಖಾಲಿ ಜಾಗಕ್ಕೆ ಇಲ್ಲ. ಹಳೆ ಪ್ರಶ್ನೆಪತ್ರಿಕೆಗಳನ್ನು ಯುನಿಟ್ ಪ್ರಕಾರ ಒಂದು ನೋಟ್‌ಬುಕ್‌ನಲ್ಲಿ ಬರೆದು ಹಾಕು. ಎರಡು ಅಂಕದ ಪ್ರಶ್ನೆಗಳಲ್ಲಿ ಎಷ್ಟು ಮರಳಿ ಮರಳಿ ಬರುತ್ತವೆ ಅಂತ ಅಲ್ಲೇ ಕಾಣುತ್ತದೆ.

ಓದುವ ರೀತಿ? ನಮ್ಮದು ಅಡಿಕೆ ತೋಟದ ಮನೆ. ಬೆಸ ಸೆಮಿಸ್ಟರ್‌ನ ಪರೀಕ್ಷೆ ಬರುವ ಹೊತ್ತಿಗೇ ಕೊನೆಕೊಯ್ಲು. ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಕೂರಬೇಕು. ಕೈ ಮೆಟ್ಟುಗತ್ತಿಯ ಮೇಲೆ, ಪುಸ್ತಕ ಹಿಡಿಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹಗಲು ಓದಿದ್ದನ್ನು ಬಾಯಲ್ಲಿ ಹೇಳುತ್ತಿದ್ದೆ. ಆಯಿಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಆದರೆ ನಾನು ತಡವರಿಸಿದ ಜಾಗ ಅವಳಿಗೆ ಸರಿಯಾಗಿ ಗೊತ್ತಾಗುತ್ತಿತ್ತು. "ಇದು ನಿನಗೆ ಬರೂದಿಲ್ಲೆ, ಮುಂದೆ ಹೋಗಡ" ಅನ್ನುತ್ತಿದ್ದಳು. ಇದಕ್ಕೆ ಪುರಾವೆ ಇದೆ ಅಂತ ಆಮೇಲೆ ಓದಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ಉಲ್ಟಾ, ಮುಚ್ಚಿ ಬರೆದವರು ಬಹಳ ಮುಂದೆ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬಂದ ಹಾಗೆ ಅನ್ನಿಸುವುದು ಯಾಕೆ ಅಂತ ಗೊತ್ತಾಯಿತಲ್ವಾ?

ನೀನು ದೋಣಿಯಲ್ಲಿ ಕೂತಾಗ ಮಾಡಬಹುದಾದದ್ದು ಇದೇ. ಪುಸ್ತಕ ಒದ್ದೆ ಮಾಡಿಕೊಳ್ಳಬೇಡ. ಹೋಗುವ ಮೊದಲು ಒಂದು ಟಾಪಿಕ್ ನೋಡಿಕೋ, ಬರುವಾಗ ಬಾಯಲ್ಲಿ ಹೇಳಿ ನೋಡು.


ವೆರ್ಣಾ ಶಿಫ್ಟ್:

ನಾನು ಸದಾಶಿವಗಡದವನು, ಗೋವಾದ ವೆರ್ಣಾದಲ್ಲಿ ಔಷಧ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ನಲ್ಲಿದ್ದೇನೆ. ಅಕ್ಕ ಹೇಳಿದ್ದು ಸರಿ. ನನ್ನದು ಬೇರೆ ಎರಡು ಮಾತು.

ಒಂದು, ಸಿಜಿಪಿಎಯನ್ನು ಪರ್ಸೆಂಟ್ ಮಾಡುವಾಗ ಕಂಡಕಂಡ ವೆಬ್‌ಸೈಟಿನ ಸೂತ್ರ ಹಾಕಬೇಡ. 9.5ರಿಂದ ಗುಣಿಸುವುದು ಸಿಬಿಎಸ್‌ಇ ಹತ್ತನೇ ತರಗತಿಗೆ ಇಟ್ಟಿದ್ದ ಲೆಕ್ಕ. ಡಿಗ್ರಿಗೆ ಅದು ಹೊಂದುವುದಿಲ್ಲ. ನಿನ್ನ ವಿಶ್ವವಿದ್ಯಾಲಯ ಏನು ಹೇಳುತ್ತದೋ ಅದೇ. ಮಾರ್ಕ್ಸ್ ಕಾರ್ಡ್‌ನ ಹಿಂದೆ ಇದೆಯಾ ನೋಡು, ಇಲ್ಲದಿದ್ದರೆ ಕಾಲೇಜಿನಿಂದ ಪತ್ರ ತಗೋ. ಅರ್ಜಿಯಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಎಚ್‌ಆರ್‌ನವರು ಕೇಳುತ್ತಾರೆ.

ಎರಡು, 6.5 ಬಾಗಿಲು ದಾಟಲು ಮಾತ್ರ. ಒಳಗೆ ಕೂತ ಮೇಲೆ ನನ್ನನ್ನು ಸಿಜಿಪಿಎ ಬಗ್ಗೆ ಯಾರೂ ಕೇಳಲಿಲ್ಲ. 0.1 ನಾರ್ಮಲ್ ಆಕ್ಸಾಲಿಕ್ ಆಸಿಡ್ 250 ಮಿಲಿ ಮಾಡಬೇಕು, ಎಷ್ಟು ತೂಗುತ್ತೀಯಾ ಅಂದರು. ಈಕ್ವಿವಲೆಂಟ್ ತೂಕ 63, ಹಾಗಾಗಿ ಲೀಟರಿಗೆ 6.3 ಗ್ರಾಂ, 250 ಮಿಲಿಗೆ ಸುಮಾರು 1.58 ಗ್ರಾಂ. ನನ್ನ ಪಕ್ಕ ಕೂತಿದ್ದ 8ರ ಹುಡುಗನಿಗೆ ಇದು ಬರಲಿಲ್ಲ. ಬಫರ್ ಅಂದರೇನು, ಪಿಎಚ್ ಮೀಟರ್ ಯಾಕೆ ಕ್ಯಾಲಿಬ್ರೇಟ್ ಮಾಡುತ್ತಾರೆ, ಬ್ಯುರೆಟ್ ರೀಡಿಂಗ್ ತಪ್ಪಾದರೆ ಏನು ಮಾಡುತ್ತೀಯಾ, ಇಂಥವೇ. ತಪ್ಪಾದ ರೀಡಿಂಗನ್ನು ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ತಾರೀಖು ಹಾಕಬೇಕು. ಉಜ್ಜಿ ಅಳಿಸಿದರೆ ಇಲ್ಲಿ ಕೆಲಸಕ್ಕೇ ಕುತ್ತು. ಕಾಲೇಜಿನ ರೆಕಾರ್ಡನ್ನು ಈಗಿನಿಂದಲೇ ಹಾಗೆ ಬರೆದರೆ ಪ್ರಾಕ್ಟಿಕಲ್ ಅಂಕವೂ ಬರುತ್ತದೆ, ಕೆಲಸಕ್ಕೂ ಆಗುತ್ತದೆ.


ತದಡಿ ಬಂದರ:

ನನಗೆ ಸಿಜಿಪಿಎ ಗೊತ್ತಿಲ್ಲ ಮಾರಾಯ, ಹೊಳೆ ಗೊತ್ತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹದಿನೈದು ದಿನಕ್ಕೆ ಸುತ್ತು ಹಾಕಿ ಹತ್ತಿರ ಹತ್ತಿರ ಅದೇ ಹೊತ್ತಿಗೆ ಬರುತ್ತದೆ. ಟೆಸ್ಟ್ ತಾರೀಖು ಮೊದಲೇ ಹೇಳುತ್ತಾರಲ್ವಾ? ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡರೆ ಆ ದಿನ ಬೆಳಿಗ್ಗೆ ಇಳಿತ ಇದೆಯಾ ಇಲ್ಲವಾ ತಿಂಗಳ ಮೊದಲೇ ನಿನ್ನಮ್ಮನೇ ಹೇಳುತ್ತಾಳೆ. ಆ ದಿನಕ್ಕೆ ಬೇರೆ ಯಾರನ್ನಾದರೂ ದೋಣಿಗೆ ಹೇಳಿಟ್ಟುಕೊಳ್ಳಿ. ಮುಂಚೆ ಹೇಳಿದರೆ ಜನ ಸಿಗುತ್ತಾರೆ, ಹಿಂದಿನ ರಾತ್ರಿ ಹೇಳಿದರೆ ಸಿಗುವುದಿಲ್ಲ.


ಅಘನಾಶಿನಿ ದಡದವ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಮಾರ್ಕ್ಸ್ ಕಾರ್ಡ್ ನೋಡಿದೆ. ಗಣಿತದ ಸಾಲಿನಲ್ಲಿ ಸೊನ್ನೆಯೇ ಇದೆ, ನಾನೂ ಸೊನ್ನೆ ಹಿಡಿದೇ ಲೆಕ್ಕ ಹಾಕಿದ್ದೆ. ಪಾಯಿಂಟ್‌ಗಳು ದಶಮಾಂಶದಲ್ಲಿವೆ, 5.8, 6.7 ಹೀಗೆ. ಹಾಗಾದರೆ ಮೆಟ್ಟಿಲು ಇಲ್ಲ, ಪ್ರತಿ ಅಂಕಕ್ಕೂ ಬೆಲೆ ಇದೆ ಅಲ್ವಾ?

ತದಡಿ ಅಣ್ಣಾ, ನೀವು ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಮೊದಲ ಟೆಸ್ಟ್‌ನ ವಾರ ಬೆಳಿಗ್ಗೆ ಇಳಿತ ಇಲ್ಲವಂತೆ. ಎರಡನೆಯದಕ್ಕೆ ಚಿಕ್ಕಪ್ಪನಿಗೆ ಹೇಳುತ್ತೇನೆ ಅಂದಳು.

ಎರಡು ಸಂಶಯ. ನಾಲ್ಕನೇ ಸೆಮಿಸ್ಟರ್‌ನ ಭೌತಶಾಸ್ತ್ರ ಚೆನ್ನಾಗಿ ಬರೆದಿದ್ದೆ, 80ಕ್ಕೆ 34 ಬಂದಿದೆ. ರೀವ್ಯಾಲ್ಯುಯೇಷನ್ ಹಾಕಲಾ? ಮತ್ತೆ, ಪಾಸಾದ ಪೇಪರನ್ನೇ ಜಾಸ್ತಿ ಅಂಕಕ್ಕಾಗಿ ಇನ್ನೊಮ್ಮೆ ಬರೆಯಬಹುದಾ?


ಮೆಟ್ಟುಗತ್ತಿ:

ಹೌದು, ಪ್ರತಿ ಅಂಕಕ್ಕೂ ಬೆಲೆ ಇದೆ. ಹಾಗಾಗಿ ಗಣಿತವನ್ನು ಪಾಸಾದರೆ ಸಾಕು ಅಂತ ಬರೆಯಬೇಡ. ಅಲ್ಲಿ 60ರ ಬದಲು 70 ಬಂದರೆ ಇನ್ನೂ ನಾಲ್ಕು ಪಾಯಿಂಟ್. ಆಮೇಲೆ ಎರಡೂ ಸೆಮಿಸ್ಟರ್‌ಗೆ 6.72 ಸಾಕು.

ಭೌತಶಾಸ್ತ್ರಕ್ಕೆ ನೇರ ರೀವ್ಯಾಲ್ಯುಯೇಷನ್ ಬೇಡ. ಮೊದಲು ಉತ್ತರ ಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕು. ಕೈಗೆ ಬಂದ ಮೇಲೆ ಮೂರು ಸಂಗತಿ ನೋಡು: ಬರೆದ ಉತ್ತರಕ್ಕೆಲ್ಲ ಅಂಕ ಹಾಕಿದ್ದಾರಾ, ಕೂಡಿಸಿದ್ದು ಸರಿ ಇದೆಯಾ, ಒಳಗಿನ ಒಟ್ಟು ಮುಖಪುಟಕ್ಕೆ ಹಾಗೇ ಬಂದಿದೆಯಾ. ಆಮೇಲೆ ನಿನ್ನ ಭೌತಶಾಸ್ತ್ರದ ಮೇಷ್ಟ್ರಿಗೆ ತೋರಿಸು. ಅವರು ಕೈಯಿಟ್ಟು ತೋರಿಸಿ ಇಲ್ಲಿ ಅಂಕ ಬರಬೇಕಿತ್ತು ಅಂದರೆ ಹಣ ಕಟ್ಟು. ಚೆನ್ನಾಗಿ ಬರೆದಿದ್ದೇನೆ ಅನ್ನುವ ನಂಬಿಕೆಯ ಮೇಲೆ ಕಟ್ಟಬೇಡ, ಅಷ್ಟು ದುಡ್ಡಿಗೆ ಎಷ್ಟು ಬಳಚು ಆಗುತ್ತದೆ ಅಂತ ನಿನಗೇ ಗೊತ್ತು. ಇದಕ್ಕೆ ಕೊನೆಯ ತಾರೀಖು ಇರುತ್ತದೆ, ಫಲಿತಾಂಶ ಬಂದು ಎಷ್ಟು ದಿನ ಆಯಿತು? ನಾಳೆಯೇ ಆಫೀಸಿಗೆ ಹೋಗು.

ಪಾಸಾದದ್ದನ್ನು ಮತ್ತೆ ಬರೆಯುವುದು ನಿಮ್ಮ ನಿಯಮದಲ್ಲಿ ಇದೆಯಾ ಅಂತ ಅದೇ ಆಫೀಸಿನಲ್ಲಿ ಕೇಳು. ಇದ್ದರೂ ನಾನಾಗಿದ್ದರೆ ಹಾಕುವುದಿಲ್ಲ. ಐದನೇ ಸೆಮಿಸ್ಟರ್‌ನ ಪೇಪರ್‌ಗಳು, ಮೇಲೆ ಗಣಿತ, ಅದರ ಮೇಲೆ ಇನ್ನೊಂದು ಅಂದರೆ ಮೂರಕ್ಕೂ ಪೆಟ್ಟು.

ಐದನೇ ಸೆಮಿಸ್ಟರ್‌ನ ಪೇಪರ್‌ಗಳ ಹೆಸರು, ಕ್ರೆಡಿಟ್, ಇಲ್ಲಿಯವರೆಗೆ ಆ ವಿಷಯದಲ್ಲಿ ಬಂದ ಅಂಕ ಇಷ್ಟನ್ನು ಇಲ್ಲೇ ಬರೆದು ಹಾಕು. ಯಾವುದರಿಂದ ಎಷ್ಟು ಎಳೆಯಬಹುದು ಅಂತ ಭಾನುವಾರ ಕೂತು ನೋಡೋಣ. ಮಾರ್ಕ್ಸ್ ಕಾರ್ಡ್‌ನ ಫೋಟೋ ಹಾಕುವುದಾದರೆ ಹೆಸರು, ರಿಜಿಸ್ಟರ್ ನಂಬರ್ ಮುಚ್ಚಿ ಹಾಕು.


ಮುರುಡೇಶ್ವರ ಲೋಕಲ್:

ಅಕ್ಕಾ, ನನ್ನದು 5.4, ಆರನೇ ಸೆಮಿಸ್ಟರ್ ಮಾತ್ರ ಬಾಕಿ. ನನ್ನ ಲೆಕ್ಕವನ್ನೂ ಸ್ವಲ್ಪ ನೋಡುತ್ತೀರಾ?